ಕಚ್ಚು

ಮೈಂದರ್ಗಿ ಮೆರವಣಿಗಿಯೊಳಗ
ಹಿಂದಿನ ಡಿಜೆ ಗಾಡಿ ಒಮ್ಮೆಲೇ ಬಾಯಿ ಬಿಟ್ಟಿತು.
ಮದುಮಗನ ಕುದುರಿ ಬೆದರಿ ಗೋಣು ಕೊಡವಿತು.
ಕ್ಲಾರಿನೆಟ್ಟು ನನ್ನ ಬಾಯಾಗ ಇತ್ತು.

ಮುಂದಿನ ಎರಡು ಹಲ್ಲೊಳಗ
ಒಂದು ಡಾಂಬರಿನ ಮ್ಯಾಲ, ಅಕ್ಷತೆ ಕಾಳಿನ ನಡುವ.
ಇನ್ನೊಂದು ಅರ್ಧ.
ಕುದುರಿಯಾಂವ ಓಡಿ ಬಂದು
ಮೊದಲು ಕುದುರಿ ತುಟಿ ಎತ್ತಿ ನೋಡಿದ.
ದಸ್ತಗೀರ ಡ್ರಮ್ಮು ನಿಲ್ಲಿಸಲಿಲ್ಲ,
ನಿಂತರ ಬಾಕಿ ರೊಕ್ಕ ಕೊಡಂಗಿಲ್ಲ ಅಂತ
ಅವಗೂ ಗೊತ್ತು, ನನಗೂ ಗೊತ್ತು.

ಎಂಟು ದಿನ, ಸ ಅಂದರ ಬರೇ ಗಾಳಿ.
ಸುಂದ್ರಾಬಾಯಿ ಅಂತ ಹೆಂಡತಿನ್ನ ಕರದರ
ಸೀಟಿ ಹೊಡದಂಗ ಆಗತಿತ್ತು.
‘ಈ ವಯಸ್ಸಿನ್ಯಾಗ!’ ಅಂತ ಸೆರಗು ಬಾಯಿಗಿಟ್ಟು ನಕ್ಕಳು.
ಆಮ್ಯಾಲ ಕಟಕ ರೊಟ್ಟಿ ಸಾರಿನ್ಯಾಗ ಮುರದು ನೆನಿಹಾಕಿ
ನಗದೇ ಕೊಟ್ಟಳು.

ಅಕ್ಕಲಕೋಟ, ಸ್ಟೇಷನ್ ರೋಡಿನ ದವಾಖಾನಿ.
ಡಾಕ್ಟರ್ ಮಂಜಿರಿ ಕದಂ
ಹಲ್ಲಿನ ಮಾತು ಮರಾಠಿಯೊಳಗ ಸುರು ಮಾಡಿ
ರೊಕ್ಕದ ಮಾತು ಕನ್ನಡದಾಗ ಮುಗಿಸಿದರು.

ಮುರದದ್ದು ಉಳೀತೈತಿ, ಬೇರು ಗಟ್ಟಿ ಐತಿ.
ನರ ತಗದು, ತುಂಬಿ, ಮ್ಯಾಲ ಟೊಪ್ಪಿಗಿ.
ಹೋದದ್ದಕ್ಕ, ಎಲುಬಿನ್ಯಾಗ ಸ್ಕ್ರೂ ಕೂಡಿಸಿ
ಅದರ ಮ್ಯಾಲ ಹಲ್ಲು:
ನಾಕು ತಿಂಗಳ ತಡಿ, ಒಂದು ಸೀಜನ್ನಿನ ಪೂರಾ ಲಗ್ನ.
ಇಲ್ಲಾ, ಬ್ರಿಜ್ಜು:
ಎರಡೂ ಬಾಜೂದವನ್ನ ತಿಕ್ಕಿ ಸಣ್ಣ ಮಾಡಿ
ನಡುವ ಹೊಸದನ್ನ ಎತ್ತಿ ಹಿಡಿಯೂದು.
‘ಒಂದಕ್ಕಂತೂ ಹೆಂಗೂ ಟೊಪ್ಪಿಗಿ ಬರತೈತಿ’ ಅಂದರು.
‘ಆ ಕಡೀದು ಏನು ತಪ್ಪು ಮಾಡೈತ್ರಿ?
ಹೋದಾಂವ ಹೋದ, ಇದ್ದಾಂವನ್ನ ಯಾಕ ತಿಕ್ಕತೀರಿ?’
ಕಡೀಕ ಕವಳಿ.
ಹಾಕಬಹುದು, ತಗೀಬಹುದು, ರಾತ್ರಿ ನೀರಾಗ ಇಡಬೇಕು.

ನಾನೂ ರಿಪೇರಿ ಮಾಡಿದಾಂವನೇ.
ಪ್ಯಾಡಿಗೆ ಆಡಿನ ತೊಗಲು,
ಸ್ಪ್ರಿಂಗಿಗೆ ಸೈಕಲ್ ಬ್ರೇಕಿನ ತಂತಿ, ಬಿರುಕಿಗೆ ಮೇಣ.
ಯಾವ ಜೋಡಣಿ ಎಷ್ಟು ಮೆರವಣಿಗಿ ತಾಳೀತು ಅಂತ
ಊದಿ ನೋಡಿ ಹೇಳತೀನಿ.
ಆದರ ಬಾಯಿ ತಗದು ಅಂಗಾತ ಬಿದ್ದಾಂವಗ
ಹೇಳಾಕ ಬಾಯಿ ಎಲ್ಲೈತಿ?

ಎದ್ದು ಕೂತೆ.
‘ನನಗ ನಗಾಕ ಅಲ್ಲರಿ, ಊದಾಕ ಬೇಕು’ ಅಂತ
ಮೌತ್‌ಪೀಸು ಬಿಚ್ಚಿ ಅವರ ಕೈಯಾಗ ಇಟ್ಟೆ.

ದೀಪದ ಕೆಳಗ ತಿರುವಿ ತಿರುವಿ ನೋಡಿದರು.
ಕರೀ ಮೈಮ್ಯಾಲ ಜ್ವಾಳದ ಕಾಳು ಕೂಡೂವಷ್ಟು
ಎರಡು ಕಚ್ಚು,
ಮೂವತ್ತೆರಡು ವರ್ಷ ನಾ ಕಚ್ಚಿ ಹಿಡದದ್ದು.
ಅದರ ಹಿಂದ, ಎಳಿಯಷ್ಟು ದೂರ,
ಅಗಲನ ಇನ್ನೊಂದು ಜೋಡಿ.
ನಮ್ಮಪ್ಪಂದು.
ಅವಂದು ಫೋಟೋ ಇಲ್ಲ.

‘ಅಳತಿ ಇಲ್ಲೇ ಐತಲ್ಲ’ ಅಂದರು ಬಾಯಾರು.
ಗುಲಾಬಿ ಹಿಟ್ಟು ಕಲಸಿ
ಮೊದಲು ಆ ಕಚ್ಚಿಗೆ ಒತ್ತಿದರು,
ಆಮ್ಯಾಲ ನನ್ನ ದವಡಿಗೆ.

ಈ ವರ್ಷಕ್ಕ ಕವಳಿ ಸಾಕು ಅಂದೆ.
ಹದಿನೈದು ದಿನಕ್ಕ ಬಂತು,
ಒಂದು ಹಲ್ಲು, ಎರಡು ತಂತಿ, ಪ್ಲಾಸ್ಟಿಕ್ಕಿನ ಅಂಗಳ.
ಕುರ್ಚಿ ಮ್ಯಾಲೇ ಕೂತು ಊದಿದೆ.
ಹೊರಗ ಬಾಕಿನ ಮ್ಯಾಲ ಗಲ್ಲ ಹಿಡಕೊಂಡ ಮುದುಕಿ
‘ಯಾರ ಲಗ್ನ?’ ಅಂತ ಕೇಳಿದಳು.

ಸಾ ಬಂತು. ಆದರ ಅರ್ಧಕ್ಕಷ್ಟೇ ತಿಳೀತು.
ಟೊಪ್ಪಿಗಿಯ ಹಲ್ಲು ಬೇರಿನಿಂದ ನೆತ್ತಿತನ ಝುಂ ಅಂತು.
ಇನ್ನೊಂದು ಸುಮ್ಮನ ಕೂತಿತ್ತು,
ಬಾಡಿಗಿ ಮನಿಗೆ ಬಂದ ಹೊಸಬನಂಗ,
ಗ್ವಾಡಿಗೆ ಮಳಿ ಹೊಡಿಯಾಕ ಅಂಜಿ.

ರಾತ್ರಿ ಬಟ್ಟಲ ನೀರಾಗ ಒಂದೇ ಹಲ್ಲು.
ಇಲಿ ಒಯ್ದೀತು ಅಂತ
ಸುಂದ್ರಾಬಾಯಿ ಮ್ಯಾಲ ತಾಟು ಮುಚ್ಚಿದಳು.
ಮಬ್ಬಿನ್ಯಾಗ ಆಕಿ ಹೆಸರು ಕರದು ನೋಡಿದೆ.
ಸೀಟಿನೇ ಬಂತು. ‘ಹೂಂ’ ಅಂದಳು.

ನಾಡಿದ್ದು ದುಧನಿಯಾಗ ಲಗ್ನ.
ಕುದುರಿನೂ ಅದೇ ಅಂತ.